ಪತ್ತೇದಾರಿ ಕತೆಗಾರನ ಕಸುಬು

ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕಪಾಟಿನ ಮುಂದೆ ನಿಂತು ಪುಸ್ತಕಗಳ ಬೆನ್ನನ್ನು ಮಾತ್ರ ನೋಡುತ್ತ ಹೋದರೂ ಜನರ ಅಭಿರುಚಿಯ ವಿಷಯ ಸ್ವಲ್ಪ ತಿಳಿಯುತ್ತದೆ. ಕೆಲವು ಪುಸ್ತಕಗಳ ರಟ್ಟು ಕೊಂಡ ದಿನದಂತೆಯೇ ಹೊಳೆಯುತ್ತಿರುತ್ತದೆ. ಕೆಲವುಗಳ ಹೊಲಿಗೆ ಬಿಟ್ಟು, ಮೂಲೆ ಮಡಿಸಿ, ಕೊನೆಯ ಹಾಳೆಯೇ ಕಾಣೆಯಾಗಿರುತ್ತದೆ. ಈ ಎರಡನೆಯ ಗುಂಪಿನಲ್ಲಿ ಪತ್ತೇದಾರಿ ಕಾದಂಬರಿಗಳಿಗೆ ದೊಡ್ಡ ಪಾಲು ಸಲ್ಲುತ್ತದೆ. ಜನ ಇಷ್ಟಪಟ್ಟು ಓದಿದ ಈ ಸಾಹಿತ್ಯವನ್ನು ಕುರಿತು ನಮ್ಮ ಸಭೆಗಳಲ್ಲಿ, ಸಾಹಿತ್ಯ ಚರಿತ್ರೆಗಳಲ್ಲಿ ನಡೆದ ಚರ್ಚೆ ಮಾತ್ರ ಬಹಳ ಸ್ವಲ್ಪ. ಓದುವಾಗ ಎಲ್ಲರೂ ಓದಿದ್ದಾರೆ. ಕೇಳಿದರೆ, ‘ಬಾಲ್ಯದಲ್ಲಿ ಓದುತ್ತಿದ್ದೆ’ ಎನ್ನುತ್ತಾರೆ.

ಈ ಸಂಕೋಚ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಇನ್ನಷ್ಟು ಹೆಚ್ಚು. ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, ತೀರ್ಥಹಳ್ಳಿಯ ಎಂ. ಕೆ. ಇಂದಿರಾ, ಸಾಗರದ ನಾ. ಡಿಸೋಜ, ಹೆಗ್ಗೋಡಿನ ಕೆ. ವಿ. ಸುಬ್ಬಣ್ಣ ಇವರೆಲ್ಲ ನಡೆದಾಡಿದ ನೆಲವಿದು. ಇಷ್ಟು ದೊಡ್ಡ ಮರಗಳ ನೆರಳಿನಲ್ಲಿ ಕುಳಿತು, ‘ನಾನೊಂದು ಕೊಲೆಯ ಕತೆ ಬರೆಯುತ್ತೇನೆ’ ಎಂದು ಹೇಳಲು ಹೊಸ ಬರಹಗಾರನಿಗೆ ಧೈರ್ಯ ಸಾಲುವುದಿಲ್ಲ. ಬರೆದರೂ ಅದನ್ನು ಗುಟ್ಟಾಗಿ ಬರೆದು, ಗುಟ್ಟಾಗಿಯೇ ಹರಿದುಹಾಕುತ್ತಾನೆ. ಹೀಗೆ ಹರಿದುಹೋಗುವ ಹಾಳೆಗಳಲ್ಲಿ ನಮ್ಮ ಊರಿನ ಬದುಕಿನ ಎಷ್ಟೋ ಸತ್ಯಗಳೂ ಹೋಗುತ್ತಿರಬಹುದು ಎಂಬ ಆತಂಕದಿಂದ ಈ ನಾಲ್ಕು ಮಾತು. ಪತ್ತೇದಾರಿ ಕತೆಗಾರನ ಬದುಕು ಎಂಥದು, ಅವನಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ, ಈ ಕಸುಬಿಗೆ ಇಳಿಯುವವರು ಏನನ್ನು ಗಮನಿಸಬೇಕು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬಹುದು.

ಕನ್ನಡದಲ್ಲಿ ಈ ಕಸುಬನ್ನು ಒಂದು ಜೀವನವೃತ್ತಿಯನ್ನಾಗಿ ಮಾಡಿಕೊಂಡವರಲ್ಲಿ ಮೊದಲು ನೆನೆಯಬೇಕಾದ ಹೆಸರು ಎನ್. ನರಸಿಂಹಯ್ಯನವರದು. 1925ರಲ್ಲಿ ಹುಟ್ಟಿದ ಅವರಿಗೆ ನಾಲ್ಕನೆಯ ತರಗತಿಯ ಆಚೆಗೆ ಶಾಲೆಯ ಓದು ದಕ್ಕಲಿಲ್ಲ. ಹೊಟ್ಟೆಪಾಡಿಗೆ ಹಲವು ಸಣ್ಣಪುಟ್ಟ ಕೆಲಸಗಳನ್ನು ಮಾಡಿದರು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಪ್ರಕಟವಾಯಿತು. ಅಲ್ಲಿಂದ ಮುಂದೆ, 2011ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಅವರ ಕಾದಂಬರಿಗಳ ಸಂಖ್ಯೆ ಐನೂರನ್ನು ದಾಟಿತ್ತು. ಈ ಅಂಕಿಯನ್ನು ಕೇಳಿ ನಗುವವರಿದ್ದಾರೆ. ಆದರೆ ಅಕ್ಷರ ಕಲಿತು ಶಾಲೆ ಬಿಟ್ಟ ಸಾವಿರಾರು ಮಂದಿಗೆ, ಕೂಲಿಕಾರರಿಗೆ, ಅಂಗಡಿಯ ಹುಡುಗರಿಗೆ, ಮನೆಯಿಂದ ಹೊರಗೆ ಕಾಲಿಡದ ಹೆಣ್ಣುಮಕ್ಕಳಿಗೆ ಇಡೀ ಪುಸ್ತಕವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುವ ಅಭ್ಯಾಸವನ್ನು ಕಲಿಸಿದವು ಇಂಥ ಪುಸ್ತಕಗಳೇ. ಓದುವ ರೂಢಿಯೊಂದು ಬಿದ್ದ ಮೇಲೆ ಓದುಗ ಎಲ್ಲಿಗೆ ಬೇಕಾದರೂ ಹೋಗಬಲ್ಲ. ರೂಢಿಯೇ ಇಲ್ಲದವನನ್ನು ಯಾವ ಮಹಾಕಾವ್ಯವೂ ಕರೆಯಲಾರದು. ನಾಲ್ಕನೆಯ ತರಗತಿಯವರೆಗೆ ಓದಿದ ಒಬ್ಬ ಮನುಷ್ಯ ಒಂದು ಭಾಷೆಗೆ ಓದುಗರನ್ನು ಕೊಟ್ಟದ್ದು ಸಣ್ಣ ಕೆಲಸವಲ್ಲ.

ಅವರ ಬದುಕಿನಿಂದ ಹೊಸ ಬರಹಗಾರ ಕಲಿಯಬೇಕಾದ ಮೊದಲ ಪಾಠ ಕತೆಯ ಕುಶಲತೆಗಿಂತ ಹೆಚ್ಚಾಗಿ ಕೂತು ಬರೆಯುವ ಶಿಸ್ತಿಗೆ ಸಂಬಂಧಿಸಿದ್ದು. ಐನೂರು ಕಾದಂಬರಿಗಳನ್ನು ಸುಮಾರು ಅರವತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಎಂಟರ ಮೇಲಾಯಿತು. ಸ್ಫೂರ್ತಿ ಬರಲಿ ಎಂದು ಕಾದು ಕುಳಿತವನಿಂದ ಇದು ಆಗುವ ಮಾತಲ್ಲ. ನೇಗಿಲು ಹೂಡುವವನು ಮನಸ್ಸು ಬಂದಾಗ ಮಾತ್ರ ಗದ್ದೆಗೆ ಹೋಗುವುದಿಲ್ಲವಷ್ಟೆ. ನರಸಿಂಹಯ್ಯನವರ ಜೊತೆಗೆ ಟಿ. ಕೆ. ರಾಮರಾವ್ ಅವರ ಹೆಸರನ್ನೂ ಹೇಳಬೇಕು. ಅವರ ‘ಬಂಗಾರದ ಮನುಷ್ಯ’ 1972ರಲ್ಲಿ ಚಲನಚಿತ್ರವಾಗಿ ನಾಡಿನಲ್ಲೆಲ್ಲ ಮನೆಮಾತಾಯಿತು. ಅದೇ ಲೇಖನಿಯಿಂದ ಬಂದ ರಹಸ್ಯ ಕಾದಂಬರಿಗಳು ಕುತೂಹಲದ ಕತೆಗೂ ಸಂಸಾರದ ಕತೆಗೂ ನಡುವೆ ಗೋಡೆ ಬೇಕಾಗಿಲ್ಲವೆಂಬುದನ್ನು ತೋರಿಸಿಕೊಟ್ಟವು.

ಇನ್ನು ಸ್ಫೂರ್ತಿಯ ವಿಷಯ. ಪತ್ತೇದಾರಿ ಕತೆ ಒಂದು ಪ್ರಕಾರವಾಗಿ ರೂಪುಗೊಂಡದ್ದು 1841ರಲ್ಲಿ ಅಮೆರಿಕದ ಎಡ್ಗರ್ ಆಲನ್ ಪೋ ಬರೆದ ಒಂದು ಸಣ್ಣಕತೆಯಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಪರಾಧದ ಕತೆಗಳು ಅದಕ್ಕೂ ಹಿಂದೆ ಬೇಕಾದಷ್ಟಿದ್ದವು. ಸುಳಿವುಗಳನ್ನು ಒಂದೊಂದಾಗಿ ಕೂಡಿಸಿ, ತರ್ಕದಿಂದ ಸತ್ಯವನ್ನು ಹೊರತೆಗೆಯುವ ನಾಯಕನೊಬ್ಬ ಮಾತ್ರ ಹೊಸಬ. ಆಮೇಲೆ ಬಂದ ಪ್ರಸಿದ್ಧರ ಜೀವನವನ್ನು ನೋಡಿದರೆ ಒಂದು ಸಮಾನ ಅಂಶ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಅನೇಕರಿಗೆ ಕತೆಯ ಸಾಮಗ್ರಿ ಸಿಕ್ಕಿದ್ದು ಅವರವರ ನಿತ್ಯದ ಉದ್ಯೋಗದಲ್ಲಿ. ಆರ್ಥರ್ ಕಾನನ್ ಡಾಯ್ಲ್ ವೈದ್ಯ. ಎಡಿನ್‌ಬರೋದಲ್ಲಿ ತಮಗೆ ಪಾಠ ಹೇಳಿದ ಡಾಕ್ಟರ್ ಜೋಸೆಫ್ ಬೆಲ್ ಅವರು ರೋಗಿಯ ನಡಿಗೆ, ಕೈ, ಉಡುಪುಗಳನ್ನು ನೋಡಿಯೇ ಅವನ ಕಸುಬನ್ನು ಹೇಳುತ್ತಿದ್ದುದನ್ನು ನೆನಪಿನಲ್ಲಿಟ್ಟುಕೊಂಡು, 1887ರಲ್ಲಿ ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದರು. ಅಗಾಥಾ ಕ್ರಿಸ್ಟಿ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದವರು. 1920ರ ಮೊದಲ ಕಾದಂಬರಿಯಲ್ಲಿಯೇ ವಿಷದ ಗುಣವನ್ನು ಅಷ್ಟು ಕರಾರುವಾಕ್ಕಾಗಿ ಬಳಸಲು ಅವರಿಗೆ ಸಾಧ್ಯವಾದುದು ಅದರಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಿಯಲ್ಲಿ ‘ದಾರೋಗಾರ್ ದಫ್ತರ್’ ಬರೆದ ಪ್ರಿಯನಾಥ ಮುಖೋಪಾಧ್ಯಾಯರು ಕಲ್ಕತ್ತೆಯ ಪೋಲೀಸ್ ಇಲಾಖೆಯಲ್ಲಿದ್ದವರು. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬ್ಯೋಮಕೇಶನನ್ನೂ ಸತ್ಯಜಿತ್ ರಾಯ್ 1965ರಲ್ಲಿ ಫೆಲುದಾನನ್ನೂ ತಂದಾಗ, ಅವರು ಲಂಡನ್ನಿನ ಮಂಜನ್ನು ಎರವಲು ತರಲಿಲ್ಲ. ಬಂಗಾಳದ ಮಧ್ಯಮವರ್ಗದ ಮನೆ, ಊಟ, ಮಾತು ಎಲ್ಲವೂ ಅಲ್ಲಿದ್ದವು.

ಇದರಿಂದ ಹೊರಡುವ ತೀರ್ಮಾನ ಸರಳ. ಸ್ಫೂರ್ತಿ ಎಂಬುದು ದೂರದಲ್ಲಿಲ್ಲ. ನಾವು ದಿನವೂ ಮಾಡುವ ಕೆಲಸದಲ್ಲಿ, ದಿನವೂ ನೋಡಿ ನೋಡದಂತಿರುವ ವಸ್ತುಗಳಲ್ಲಿ ಇದೆ. ಅಂಚೆಯ ಕಚೇರಿಯಲ್ಲಿರುವವನು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು, ಸರ್ವೆ ಇಲಾಖೆಯಲ್ಲಿ ಗಡಿಗಲ್ಲು ಹುಡುಕುವವನು, ಹೆರಿಗೆ ಮಾಡಿಸಲು ರಾತ್ರಿ ಹೊರಡುವ ದಾದಿ, ಇವರಿಗೆ ತಿಳಿದಷ್ಟು ರಹಸ್ಯ ಯಾವ ಗೂಢಚಾರನಿಗೂ ತಿಳಿದಿರಲಾರದು.

ನಮ್ಮ ಕಡೆಯ ನೆಲದಿಂದಲೇ ಈ ಮಾತಿಗೆ ದೊಡ್ಡ ನಿದರ್ಶನ ಸಿಕ್ಕುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆತನದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು 1938ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಅಧ್ಯಾಪಕ ವೃತ್ತಿಯನ್ನು ಹಿಡಿಯದೆ ಮೂಡಿಗೆರೆಯ ಕಡೆ ಕಾಫಿ ತೋಟ ಮಾಡಿದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನದ ಮುನ್ನುಡಿಯಲ್ಲಿ ನವ್ಯ ಸಾಹಿತ್ಯದ ಜಾಡನ್ನು ಬಿಟ್ಟು ಬೇರೆಯ ದಾರಿ ಹುಡುಕಬೇಕಾದ ಅಗತ್ಯವನ್ನು ಸ್ಪಷ್ಟವಾಗಿ ಹೇಳಿದರು. ಆ ಬೇರೆಯ ದಾರಿಯಲ್ಲಿ ಅವರು ಕೈಗೆತ್ತಿಕೊಂಡ ಸಲಕರಣೆಗಳಲ್ಲಿ ಒಂದು, ನಾವು ಕೀಳೆಂದು ದೂರವಿಟ್ಟಿದ್ದ ಪತ್ತೇದಾರಿ ಕತೆಯ ಕುತೂಹಲ.

1976ರ ‘ನಿಗೂಢ ಮನುಷ್ಯರು’ ಎಂಬ ನೀಳ್ಗತೆಯಲ್ಲಿ ಘಟ್ಟ, ಮಳೆ, ಒಂಟಿಮನೆ, ಅಲ್ಲಿನ ಮನುಷ್ಯರ ವಿಚಿತ್ರ ನಡವಳಿಕೆ ಇವೇ ನಿಗೂಢತೆಯ ಮೂಲ. 1980ರ ‘ಕರ್ವಾಲೊ’ ಹಾರುವ ಓತಿಯೊಂದರ ಪತ್ತೆಗೆ ಹೊರಟವರ ಕತೆ. ಅಲ್ಲಿ ಅಪರಾಧಿಯ ಸ್ಥಾನದಲ್ಲಿ ಜೀವವಿಕಾಸದ ಒಗಟಿದೆ. 1985ರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿಯ ಇಳುವರಿ ಏಕೆ ಕುಸಿಯಿತು ಎಂದು ತನಿಖೆ ಮಾಡಲು ಗೂಢಚಾರ ಅಧಿಕಾರಿ ಕೆಸರೂರಿಗೆ ಬರುತ್ತಾನೆ; ವಿಜ್ಞಾನಿಯೊಬ್ಬನ ಸಾವಿನ ಶಂಕೆಯೂ ಸೇರಿಕೊಳ್ಳುತ್ತದೆ. ಆ ಎಳೆಯನ್ನು ಹಿಡಿದು ಹೋದ ಓದುಗನಿಗೆ ಕಡೆಗೆ ಕಾಣುವುದು ಒಬ್ಬ ಕೊಲೆಗಾರನ ಮುಖವಲ್ಲ. ಜಾತಿ, ಮತ, ದುರಾಸೆ, ಪರಿಸರನಾಶ ಇವುಗಳಿಂದ ಒಳಗೊಳಗೇ ಒಣಗಿ ಬೆಂಕಿಗೆ ಸಿದ್ಧವಾಗಿ ಕೂತ ಒಂದು ಊರು. ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1994ರ ‘ಜುಗಾರಿ ಕ್ರಾಸ್’ನಲ್ಲಿ ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಸಾಧಾರಣ ಕೃಷಿಕ ದಂಪತಿಗಳು ಅಲ್ಪಕಾಲದಲ್ಲೇ ಕಳ್ಳಸಾಗಾಣಿಕೆ, ಕೆಂಪುಕಲ್ಲು, ಹಳೆಯ ಕಾವ್ಯವೊಂದರ ಗೂಢಾರ್ಥ ಇವುಗಳ ನಡುವೆ ಸಿಕ್ಕಿಬೀಳುತ್ತಾರೆ. ಉಸಿರು ಬಿಗಿಹಿಡಿದು ಓದಿಸುವ ಈ ಕತೆ, ಮಲೆನಾಡಿನ ಕೃಷಿಕ ಹೇಗೆ ತನಗೆ ಅರ್ಥವಾಗದ ವ್ಯಾಪಾರದ ಜಾಲದಲ್ಲಿ ಸಿಲುಕಿದ್ದಾನೆ ಎಂಬುದರ ವ್ಯಾಖ್ಯಾನವೂ ಹೌದು.

ತೇಜಸ್ವಿಯವರನ್ನು ಪತ್ತೇದಾರಿ ಕಾದಂಬರಿಕಾರರೆಂದು ಕರೆದರೆ ಅವರ ಅಭಿಮಾನಿಗಳು ಮುಖ ಸಿಂಡರಿಸಬಹುದು. ಕರೆಯಬೇಕಾದ ಅಗತ್ಯವೂ ಇಲ್ಲ. ಆದರೆ ಒಂದು ಮಾತನ್ನು ಒಪ್ಪಬೇಕು. ‘ಮುಂದೇನಾಯಿತು’ ಎಂಬ ಪ್ರಶ್ನೆಗೆ ಅವರು ನಾಚಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಬಂದ ಓದುಗನನ್ನು ‘ಇದು ಹೀಗೇಕಾಯಿತು’ ಎಂಬ ಇನ್ನೊಂದು ಪ್ರಶ್ನೆಯ ಮುಂದೆ ತಂದು ನಿಲ್ಲಿಸಿದರು. ನರಸಿಂಹಯ್ಯನವರು ಓದುಗರನ್ನು ಸೃಷ್ಟಿಸಿದರೆ, ಆ ಓದುಗರ ಕುತೂಹಲಕ್ಕೆ ಇನ್ನೊಂದು ಗುರಿಯನ್ನು ತೇಜಸ್ವಿ ತೋರಿಸಿದರು. ಹೊಸ ಬರಹಗಾರನಿಗೆ ಇಬ್ಬರೂ ಬೇಕು.

ಈಗ ನಮ್ಮ ಮೂರು ತಾಲ್ಲೂಕುಗಳನ್ನೇ ನೋಡೋಣ. ರಹಸ್ಯಕ್ಕೆ ಮಲೆನಾಡು ಹೇಳಿ ಮಾಡಿಸಿದ ಜಾಗವೆಂದು ಪೇಟೆಯವರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಮಂಜು, ಕತ್ತಲೆ, ಜೀರುಂಡೆಯ ಸದ್ದು. ಇವು ರಹಸ್ಯವಲ್ಲ, ಬರೀ ಪರದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆಯಲ್ಲಿ ಹುಟ್ಟಿ ಬೆಳೆದವನಿಗೆ ಮಳೆಯಿಂದ ಭಯವೇನೂ ಆಗುವುದಿಲ್ಲ. ಕಟ್ಟಿಗೆ ಒದ್ದೆಯಾಯಿತೆಂಬ ಚಿಂತೆಯಾಗುತ್ತದೆ. ಕತೆಗಾರ ಹಿಡಿಯಬೇಕಾದುದು ಆ ಚಿಂತೆಯನ್ನು. ಮಳೆ ಏನನ್ನು ಅಳಿಸುತ್ತದೆ, ಏನನ್ನು ಉಳಿಸುತ್ತದೆ, ಯಾವ ಸಂಕ ಯಾವ ತಿಂಗಳಲ್ಲಿ ಕೊಚ್ಚಿಹೋಗುತ್ತದೆ, ಯಾವ ಮನೆಗೆ ಆಮೇಲೆ ಎಷ್ಟು ದಿನ ದಾರಿಯಿರುವುದಿಲ್ಲ ಎಂಬ ವಿವರಗಳಲ್ಲಿ ಕತೆಯಿದೆ.

ನೀರಿನ ವಿಷಯವೂ ಹೀಗೆಯೇ. ಸಾಗರ ತಾಲ್ಲೂಕಿನ ಮಡೆನೂರಿನಲ್ಲಿ 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಮುಗಿಯಿತು. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಬಂದಾಗ, ಹಳ್ಳಿಗಳ ಜೊತೆಗೆ ಆ ಹಳೆಯ ಅಣೆಕಟ್ಟೂ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ಮತ್ತೆ ಮೇಲೆ ಕಾಣುತ್ತದೆ. ಮುಳುಗಿದ್ದು ಮತ್ತೆ ಮೇಲೇಳುವುದಕ್ಕಿಂತ ದೊಡ್ಡ ರಹಸ್ಯಕಥೆಯ ಬೀಜ ಯಾವುದಿದೆ? ಆದರೆ ಇಲ್ಲಿಯೂ ಎಚ್ಚರ ಬೇಕು. ಮುಳುಗಡೆ ಎಂಬುದು ನೂರಾರು ಸಂಸಾರಗಳು ಮನೆ ಬಿಟ್ಟ ನೋವು. ನಾ. ಡಿಸೋಜರು ಅದನ್ನು ತಮ್ಮ ಕಾದಂಬರಿಗಳಲ್ಲಿ ಬರೆದು ತೋರಿಸಿದ್ದಾರೆ. ಅಂಥ ನೀರಿನಿಂದ ಒಂದು ಹೆಣವನ್ನು ಮೇಲೆತ್ತುವ ಕತೆಗಾರ ಆ ನೋವಿಗೂ ಉತ್ತರ ಹೇಳಬೇಕಾಗುತ್ತದೆ. ಯಾರ ಜಮೀನು ಹೋಯಿತು, ಯಾರಿಗೆ ಪರಿಹಾರ ಬಂತು, ಯಾರ ಹೆಸರು ಪಟ್ಟಿಯಲ್ಲಿರಲಿಲ್ಲ ಎಂಬ ಪ್ರಶ್ನೆಗಳೇ ಅಲ್ಲಿ ನಿಜವಾದ ಸುಳಿವುಗಳಾದಾವು.

ಕೋಟೆಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಸಾಗರದ ಬಳಿಯ ಕೆಳದಿ, ಇಕ್ಕೇರಿ, ಹೊಸನಗರ ತಾಲ್ಲೂಕಿನ ಬಿದನೂರು ನಗರ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಇವೆಲ್ಲ ಕೆಳದಿಯ ಅರಸರ ಕುರುಹುಗಳು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ನಿಧಿಯ ಕತೆಗಳು ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾವೂ ಪತ್ತೇದಾರಿ ಕತೆಗಾರರಾಗಿದ್ದವರು, ಈ ಪ್ರಕಾರಕ್ಕೆ ಹತ್ತು ನಿಯಮಗಳನ್ನು ಮಾಡಿದರು. ಅವುಗಳಲ್ಲಿ ಒಂದು, ಕತೆಯಲ್ಲಿ ಗುಪ್ತಮಾರ್ಗ ಒಂದಕ್ಕಿಂತ ಹೆಚ್ಚು ಇರಕೂಡದು ಎಂಬುದು. ಕೋಟೆಯ ಸುರಂಗಗಳನ್ನು ಕಂಡು ಕೈ ತುರಿಸುವ ನಮ್ಮ ಬರಹಗಾರರು ಇದನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ನಿಜವಾದ ಪತ್ತೇದಾರಿ ಹೇಗೆ ನಡೆಯುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಡೆದ ಒಂದು ಸಂಗತಿ ಇದೆ. 1957ರಲ್ಲಿ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬಂದ ಜನರೂ ಜ್ವರದಿಂದ ಮಲಗಿದರು, ಕೆಲವರು ತೀರಿಕೊಂಡರು. ಮಂಗಗಳು ಸಾಯುವುದನ್ನು ಕಂಡು, ಏಷ್ಯದಲ್ಲಿ ಹಿಂದೆಂದೂ ಕಾಣದ ಹಳದಿಜ್ವರ ಬಂತೇನೋ ಎಂಬ ಶಂಕೆ ವಿಜ್ಞಾನಿಗಳಿಗೆ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಕಾಡಿನ ಕೀಟಗಳನ್ನೂ ಪರೀಕ್ಷಿಸಿದರು. ಹಳದಿಜ್ವರವನ್ನು ಹರಡುವುದು ಸೊಳ್ಳೆ. ಇಲ್ಲಿ ಸಿಕ್ಕಿಬಿದ್ದದ್ದು ಉಣುಗು. ಅದು ಹೊತ್ತು ತಂದ ವೈರಸ್ಸು ಹೊಸದು. ಜನರ ಬಾಯಲ್ಲಿ ಆ ಕಾಯಿಲೆಗೆ ‘ಮಂಗನ ಕಾಯಿಲೆ’ ಎಂಬ ಹೆಸರು ನಿಂತಿತು. ಹೆಸರು ಮಂಗನ ಮೇಲೆ ಆರೋಪ ಹೊರಿಸುತ್ತದೆ. ಆದರೆ ಆ ಪ್ರಕರಣದಲ್ಲಿ ಮಂಗ ಮೊದಲ ಬಲಿ, ಮೊದಲ ಸಾಕ್ಷಿ ಕೂಡ. ಮೊದಲು ಕಣ್ಣಿಗೆ ಬಿದ್ದವನನ್ನೇ ಅಪರಾಧಿಯೆನ್ನುವ ಆತುರ ಎಲ್ಲೆಲ್ಲಿಯೂ ಇದೆ. ಒಳ್ಳೆಯ ಪತ್ತೇದಾರಿ ಕತೆ ಆ ಆತುರವನ್ನು ತಡೆಯುವ ಅಭ್ಯಾಸ ಕೊಡುತ್ತದೆ. ಈ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮತ್ತೆ ಜೀವಗಳನ್ನು ತೆಗೆದುಕೊಂಡಿತು.

ಇನ್ನು ಕತೆ ಕಟ್ಟುವ ಕ್ರಮ. ಬಾಯಿಮಾತಿನ ಉಪದೇಶಕ್ಕಿಂತ ಒಂದು ಉದಾಹರಣೆ ಹೆಚ್ಚು ಹೇಳುತ್ತದೆ. ಇದು ಕೇವಲ ಕಲ್ಪಿತ ಕತೆ. ಶರಾವತಿಯ ಹಿನ್ನೀರಿನ ಈಚೆ ದಡದಲ್ಲಿ ಒಂದು ತೋಟದ ಮನೆ. ಅಡಿಕೆ ಕೊಯ್ಲಿನ ಕಾಲ. ಯಜಮಾನರು ಒಂದು ರಾತ್ರಿ ಕೊಲೆಯಾಗುತ್ತಾರೆ. ಅವರ ತಮ್ಮನ ಮಗನ ಮೇಲೆ ಎಲ್ಲರಿಗೂ ಸಂಶಯ. ಅವನು, ‘ಹದಿನೈದು ದಿನದಿಂದ ಬೆಂಗಳೂರಿನಲ್ಲಿದ್ದೆ, ಬೆಳಿಗ್ಗೆ ಬಸ್ಸಿಳಿದೆ’ ಎನ್ನುತ್ತಾನೆ. ವಿಚಾರಿಸಿದರೆ ಅವನು ಬೆಂಗಳೂರಿಗೆ ಹೋಗಿಯೇ ಇಲ್ಲ. ಸುಳ್ಳು ಹೇಳಿದವನೇ ಕೊಲೆಗಾರ ಎಂದು ಊರು ತೀರ್ಮಾನಿಸುತ್ತದೆ.

ಹಸಿ ಅಡಿಕೆ ಸುಲಿದವರ ಬೆರಳಿಗೆ ಕಪ್ಪು ಕಲೆ ಹತ್ತುತ್ತದೆ. ತೊಳೆದರೂ ಎಷ್ಟೋ ದಿನ ಹೋಗುವುದಿಲ್ಲ. ಇದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಕತೆಯ ಮೊದಲ ಅಧ್ಯಾಯದಲ್ಲಿ, ಮದುವೆಗೆ ಹೊರಟ ಹುಡುಗಿಯೊಬ್ಬಳು ತನ್ನ ಬೆರಳಿನ ಆ ಕಲೆಯನ್ನು ನಿಂಬೆಹಣ್ಣಿನಿಂದ ತಿಕ್ಕುತ್ತಿರುವುದನ್ನು ಕತೆಗಾರ ಎರಡು ಸಾಲಿನಲ್ಲಿ ಬರೆದಿಡುತ್ತಾನೆ. ಓದುಗ ಅದನ್ನು ಊರಿನ ವರ್ಣನೆಯೆಂದು ಓದಿ ಮುಂದೆ ಹೋಗುತ್ತಾನೆ. ಐದನೆಯ ಅಧ್ಯಾಯದಲ್ಲಿ ಆ ಯುವಕ ಕಾಫಿಯ ಲೋಟ ಹಿಡಿದಾಗ ಅವನ ಹೆಬ್ಬೆರಳು ಕಪ್ಪಗಿದೆ. ಸುಳಿವು ಎಂದರೆ ಇದು. ಅದನ್ನು ಮುಚ್ಚಿಡಬಾರದು, ಎತ್ತಿಯೂ ತೋರಿಸಬಾರದು. ಬೆಳಕಿನಲ್ಲಿಯೇ ಬೇರೆ ವಸ್ತುಗಳ ನಡುವೆ ಇಡಬೇಕು.

ಆ ಬೆರಳಿನಿಂದ ಪತ್ತೇದಾರ ಏನನ್ನು ಊಹಿಸಬಹುದು? ಯುವಕ ಆ ದಿನಗಳಲ್ಲಿ ಎಲ್ಲಿಯೋ ಅಡಿಕೆ ಸುಲಿಯುತ್ತಿದ್ದ. ತನ್ನ ಮನೆಯಲ್ಲಂತೂ ಅಲ್ಲ. ಹಾಗಾದರೆ ಆಚೆ ದಡದಲ್ಲಿ, ಗುರುತಿಲ್ಲದವರ ಮನೆಯಲ್ಲಿ, ಬೇರೆ ಹೆಸರು ಹೇಳಿಕೊಂಡು, ಕೂಲಿಗೆ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಈಚೆಗೆ ಬರಲು ನೇರದಾರಿಯಿಲ್ಲ. ಸುತ್ತುದಾರಿಯಿಂದ ಬಂದಿರಬಹುದಲ್ಲ ಎಂದು ಜಾಣ ಓದುಗ ಕೇಳಿಯೇ ಕೇಳುತ್ತಾನೆ. ಕೇಳುವ ಮೊದಲೇ ಕತೆಗಾರ ಉತ್ತರ ಸಿದ್ಧಮಾಡಿಕೊಂಡಿರಬೇಕು. ಸುಲಿದ ಅಡಿಕೆಯ ಅಳತೆಯ ಮೇಲೆ ಕೂಲಿ. ಯಾರು ಎಷ್ಟು ಸುಲಿದರೆಂಬುದನ್ನು ಮನೆಯವರು ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ರಾತ್ರಿಯ ಲೆಕ್ಕದಲ್ಲಿ ಆ ಸುಳ್ಳು ಹೆಸರಿನ ಮುಂದೆ ಇಡೀ ರಾತ್ರಿ ಕೂತು ಸುಲಿದಷ್ಟು ಅಳತೆಯಿದೆ. ಯುವಕ ನಿರಪರಾಧಿ.

ಹಾಗಾದರೆ ಅವನು ಸುಳ್ಳು ಹೇಳಿದ್ದೇಕೆ? ತೋಟದ ಮನೆಯ ಮಗ ಇನ್ನೊಬ್ಬರ ಚಪ್ಪರದಲ್ಲಿ ಕೂತು ಕೂಲಿಗೆ ಅಡಿಕೆ ಸುಲಿದ ಎಂಬುದು ತಿಳಿಯಬಾರದೆಂದು. ಒಂದೇ ಮಾತು ಹೇಳಿದ್ದರೆ ಅವನು ಬಿಡುಗಡೆಯಾಗುತ್ತಿದ್ದ. ಮಾನಕ್ಕೆ ಅಂಜಿ ಹೇಳಲಿಲ್ಲ. ಅವನ ಈ ಮೌನವನ್ನೇ ನಂಬಿಕೊಂಡು ಇನ್ನೊಬ್ಬ ತಪ್ಪಿಸಿಕೊಳ್ಳಲು ಹೊಂಚುಹಾಕಿದ್ದ. ಅವನು ಯಾರೆಂಬುದನ್ನು ಬರೆಯುವವರಿಗೇ ಬಿಡೋಣ. ಈ ಉದಾಹರಣೆಯಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಕೊಲೆಗಾರ ಯಾರು ಎಂಬ ಪ್ರಶ್ನೆಯಿಂದ ಹೊರಟ ಕತೆ, ದುಡಿಮೆಯನ್ನು ಅವಮಾನವೆಂದು ತಿಳಿಯುವ ನಮ್ಮ ಸಮಾಜದ ಒಂದು ರೋಗದ ಬಳಿಗೆ ಬಂದು ನಿಂತಿತು. ಅಪರಾಧಿ ಮುಚ್ಚಿಡುವುದು ಸಹಜ. ನಿರಪರಾಧಿಗಳೂ ಏನನ್ನು ಮುಚ್ಚಿಡುತ್ತಾರೆ, ಏಕೆ ಮುಚ್ಚಿಡುತ್ತಾರೆ ಎಂಬುದನ್ನು ಬರೆದಾಗ ಪತ್ತೇದಾರಿ ಕತೆ ಸಾಹಿತ್ಯವಾಗುತ್ತದೆ.

ಇದೇ ಕತೆಯಿಂದ ಇನ್ನೊಂದು ಪಾಠವೂ ಉಂಟು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಣ ಸೇತುವೆ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆಯಿತು. ಹಿನ್ನೀರಿನಿಂದ ದ್ವೀಪದಂತಾಗಿದ್ದ ತುಮರಿಯ ಕಡೆಯ ಜನರ ಅರ್ಧ ಶತಮಾನಕ್ಕೂ ಹೆಚ್ಚಿನ ಬವಣೆ ನೀಗಿತು. ಆದರೆ ಕೊನೆಯ ಲಾಂಚನ್ನು ನಂಬಿದ ನಮ್ಮ ಕತೆ ಆ ಜಾಗದಲ್ಲಿ ಮುರಿದುಬಿತ್ತು. ಅದನ್ನು 2025ಕ್ಕೆ ಹಿಂದಿನ ಕಾಲದಲ್ಲಿ ಇಡಬೇಕು, ಇಲ್ಲವೆ ಬೇರೆ ತಡೆಯನ್ನು ಹುಡುಕಬೇಕು. ಕಾಲವನ್ನು ಕರಾರುವಾಕ್ಕಾಗಿ ಹಿಡಿಯದ ಕತೆಗಾರನನ್ನು ಊರಿನ ಓದುಗನೇ ಮೊದಲು ಹಿಡಿಯುತ್ತಾನೆ. ಕಾನೂನಿನ ವಿಷಯವೂ ಹಾಗೆಯೇ. 2024ರ ಜುಲೈ 1ರಿಂದ ಭಾರತೀಯ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಆ ದಿನದಿಂದೀಚೆಗೆ ನಡೆದ ಕೊಲೆಗೆ ಇನ್‌ಸ್ಪೆಕ್ಟರು 302ನೆಯ ಕಲಮು ಹಾಕಿದರೆ ತಪ್ಪಾದೀತು. ಈಗ ಅದು 103. ಇಂಥವನ್ನು ಕೇಳಿ ತಿಳಿಯಲು ನಾಚಬೇಕಾಗಿಲ್ಲ. ವಕೀಲರನ್ನು, ವೈದ್ಯರನ್ನು, ನಿವೃತ್ತ ಪೋಲೀಸರನ್ನು ವಿನಯದಿಂದ ಕೇಳಿದರೆ ಅವರು ಸಂತೋಷದಿಂದ ಹೇಳುತ್ತಾರೆ.

ಕೊನೆಯದಾಗಿ, ಬರೆಯಲು ಹೊರಟವರಿಗೆ ಕೆಲವು ಸೂಚನೆಗಳು. ಮೊದಲು ಕೊನೆಯನ್ನು ನಿಶ್ಚಯಿಸಿಕೊಳ್ಳಿ. ಅಪರಾಧ ಹೇಗೆ ನಡೆಯಿತು ಎಂಬುದನ್ನು, ಓದುಗನಿಗಾಗಿ ಅಲ್ಲ, ನಿಮಗಾಗಿ, ನೇರವಾದ ಒಂದು ವರದಿಯಂತೆ ಎರಡು ಪುಟ ಬರೆದಿಟ್ಟುಕೊಳ್ಳಿ. ಆಮೇಲೆ ಅದನ್ನು ಯಾವ ಕ್ರಮದಲ್ಲಿ ಬಿಚ್ಚಬೇಕೆಂದು ಯೋಚಿಸಿ. ಪತ್ತೇದಾರನಿಗೆ ತಿಳಿದದ್ದು ಓದುಗನಿಗೂ ತಿಳಿದಿರಬೇಕು. ಕಡೆಯ ಪುಟದಲ್ಲಿ ಹೊಸಬನೊಬ್ಬನನ್ನು ತಂದು ಅಪರಾಧಿ ಎನ್ನುವುದು ಓದುಗನಿಗೆ ಮಾಡುವ ಮೋಸ. ಸತ್ತವನನ್ನು ಮರೆಯಬೇಡಿ. ಎಷ್ಟೋ ಕತೆಗಳಲ್ಲಿ ಸತ್ತವನು ಮೇಜಿನ ಮೇಲಿನ ಒಂದು ವಸ್ತುವಿನಂತೆ ಬಿದ್ದಿರುತ್ತಾನೆ. ಅವನಿಗೊಂದು ಹೆಸರು, ಒಂದು ಅಭ್ಯಾಸ, ಅವನಿಗಾಗಿ ಅಳುವ ಒಬ್ಬರಾದರೂ ಇರಲಿ. ಆಗ ಮಾತ್ರ ಸತ್ಯ ಹೊರಬರಬೇಕೆಂಬ ಹಂಬಲ ಓದುಗನಲ್ಲಿ ಹುಟ್ಟುತ್ತದೆ.

ಅಪರಾಧಿಯನ್ನು ಆರಿಸುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹೊರಗಿನಿಂದ ಬಂದ ಕೂಲಿಯವನು, ಬೇರೆ ಮತದವನು, ಬುದ್ಧಿ ಸ್ಥಿಮಿತವಿಲ್ಲದವನು ಇವರನ್ನು ಅಪರಾಧಿ ಮಾಡುವುದು ಸುಲಭ. ಊರಿನ ಪೂರ್ವಗ್ರಹ ಆ ಕತೆಯನ್ನು ಆಗಲೇ ಅರ್ಧ ಬರೆದು ಇಟ್ಟಿರುತ್ತದೆ. ಕತೆಗಾರನ ಕೆಲಸ ಅದನ್ನು ನಕಲು ಮಾಡುವುದಲ್ಲ. ಪಾತ್ರಗಳ ಮಾತಿಗೂ ಕಿವಿ ಕೊಡಿ. ಸಾಗರದ ಅಂಗಡಿಯವರ ಕನ್ನಡವೇ ಬೇರೆ, ತೀರ್ಥಹಳ್ಳಿಯ ಗದ್ದೆಯ ಕನ್ನಡವೇ ಬೇರೆ, ಹವ್ಯಕರ ಮನೆಯ ಜಗಲಿಯ ಮಾತೇ ಬೇರೆ. ಎಲ್ಲರೂ ಪುಸ್ತಕದ ಭಾಷೆ ಆಡಿದರೆ ಸುಳ್ಳು ಯಾರದು, ನಿಜ ಯಾರದು ಎಂದು ಗುರುತಿಸುವುದು ಹೇಗೆ? ಮನುಷ್ಯ ಸುಳ್ಳು ಹೇಳುವಾಗ ಮೊದಲು ಬದಲಾಗುವುದು ಅವನ ಮಾತಿನ ಧಾಟಿ.

ದಿನಕ್ಕೆ ಒಂದು ಪುಟವಾದರೂ ಬರೆಯಿರಿ. ಬರೆದದ್ದನ್ನು ಒಂದು ತಿಂಗಳು ತೆಗೆದಿಟ್ಟು, ಅಪರಿಚಿತನಂತೆ ಓದಿನೋಡಿ. ಅಪರಾಧಿ ಯಾರೆಂಬುದು ಗೊತ್ತಿದ್ದೂ ಎರಡನೆಯ ಸಲ ಓದಲು ಮನಸ್ಸಾಗುತ್ತದೆಯೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಒಗಟು ಒಂದು ಸಲ ಬಿಡಿಸಿದರೆ ಮುಗಿಯಿತು. ಮನುಷ್ಯರು ಹಾಗೆ ಮುಗಿಯುವುದಿಲ್ಲ. ಗುಟ್ಟಾಗಿ ಬರೆದು ಹರಿದುಹಾಕುವ ಬದಲು, ನಂಬಿಕೆಯ ಇಬ್ಬರು ಸ್ನೇಹಿತರಿಗೆ ಹಸ್ತಪ್ರತಿಯನ್ನು ಕೊಟ್ಟು, ಅವರು ಯಾವ ಪುಟದಲ್ಲಿ ಅಪರಾಧಿಯನ್ನು ಊಹಿಸಿದರು, ಯಾವ ಪುಟದಲ್ಲಿ ಆಕಳಿಸಿದರು ಎಂದು ಗುರುತು ಹಾಕಿಸಿಕೊಳ್ಳಿ. ನಮ್ಮ ಊರುಗಳಲ್ಲಿ ಹೇಳದೆ ಉಳಿದ ಮಾತುಗಳು ಬಹಳ ಇವೆ. ಅವುಗಳಲ್ಲಿ ಕೆಲವನ್ನು ಹೇಳಲು ನೇರವಾದ ಕತೆಗಿಂತ ಪತ್ತೇದಾರಿ ಕತೆಗೇ ಹೆಚ್ಚು ಅನುಕೂಲ, ಏಕೆಂದರೆ ಬೇರೆಡೆ ಕೇಳಿದರೆ ಅಪ್ರಿಯವೆನಿಸುವ ಪ್ರಶ್ನೆಗಳನ್ನು ಅಲ್ಲಿ ಕೇಳಲೇಬೇಕಾಗುತ್ತದೆ.